ಸಿದ್ದಗಂಗಮ್ಮ ಒಪ್ಪಿದ ಸಿನಿಮಾ

ನಮ್ಮ ವಠಾರದಲ್ಲಿ ಯಾರೇ ಸಿನಿಮಾಕ್ಕೆ ಹೊರಟರೂ ಮೊದಲು ಸಿದ್ದಗಂಗಮ್ಮನನ್ನು ಕೇಳುತ್ತಿದ್ದರು. ತುಮಕೂರಿನ ಶಿರಾ ಗೇಟಿನ ಹಿಂದಿನ ಬೀದಿಯಲ್ಲಿ, ಎದುರುಬದುರು ಮನೆಗಳ ನಡುವೆ ಒಂದೇ ನಲ್ಲಿ ಇದ್ದ ವಠಾರ ನಮ್ಮದು. ಅವಳ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಅವಳ ಗಂಡ ಕದರಯ್ಯ ಊರಂಚಿನ ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ಮಕ್ಕಳಿರಲಿಲ್ಲ. ಕದರಯ್ಯನಿಗೆ ಸಿನಿಮಾ ಎಂದರೆ ನಿದ್ದೆ. ಹಾಗಾಗಿ ಹೊಸ ಸಿನಿಮಾ ಬಿಡುಗಡೆಯಾದ ಶುಕ್ರವಾರ ಅವಳು ಒಬ್ಬಳೇ ಮ್ಯಾಟ್ನಿಗೆ ಹೋಗುತ್ತಿದ್ದಳು. ಒಬ್ಬಳೇ ಹೆಂಗಸು ಸಿನಿಮಾಕ್ಕೆ ಹೋಗುವುದು ಆಗೆಲ್ಲ ಸಣ್ಣ ಮಾತಲ್ಲ. ಅವಳನ್ನು ಮಾತ್ರ ಯಾರೂ ಏನೂ ಅನ್ನುತ್ತಿರಲಿಲ್ಲ, ಯಾಕೆಂದರೆ ಎಲ್ಲರ ಪರವಾಗಿ ಹೋಗಿ ನೋಡಿಕೊಂಡು ಬರುವವಳು ಅವಳು.

ಗುಬ್ಬಿ ಕಡೆಯ ತೋಟಗಳಿಂದ ತೆಂಗಿನ ಗರಿ ತಂದು ಹಾಕಿಸಿಕೊಂಡು ನಾವು ಹೆಂಗಸರು ನಲ್ಲಿಯ ಪಕ್ಕ ಕೂತು ಗರಿ ಸೀಳಿ, ಕಡ್ಡಿ ತೆಗೆದು, ಪೊರಕೆ ಕಟ್ಟುತ್ತಿದ್ದೆವು. ಶನಿವಾರ ಮಧ್ಯಾಹ್ನ ಅಲ್ಲಿ ಅವಳ ತೀರ್ಪು. ಹೀರೋಗೆ ವಯಸ್ಸಾಯಿತು, ಹುಡುಗಿಯ ಜೊತೆ ನಿಂತರೆ ಚಿಕ್ಕಪ್ಪನ ಹಾಗೆ ಕಾಣುತ್ತಾನೆ ಅನ್ನುವಳು. ಇಂಟರ್ವೆಲ್ ಆದ ಮೇಲೆ ಎದ್ದು ಬಂದರೂ ಏನೂ ನಷ್ಟವಿಲ್ಲ ಅನ್ನುವಳು. ತಾಯಿ ಪಾತ್ರದವಳು ಉಟ್ಟ ಸೀರೆಯ ಬಣ್ಣ, ಅಂಚು ಎಲ್ಲ ಹೇಳುವಳು. ಕೊನೆಗೆ ಒಂದು ಮಾತು. "ಮನೆಮಂದಿ ನೋಡ್ಬೋದು" ಅಂದರೆ ಅಜ್ಜಿಯಿಂದ ಹಿಡಿದು ಸೊಸೆಯವರೆಗೆ ಎಲ್ಲರೂ ಹೋಗಬಹುದು. "ಗಂಡಸ್ರು ಬೇಕಾದ್ರೆ ನೋಡ್ಕಳ್ಳಿ" ಅಂದರೆ ವಠಾರದ ಹೆಂಗಸರು ಆ ಥಿಯೇಟರಿನ ಕಡೆ ತಲೆ ಹಾಕುತ್ತಿರಲಿಲ್ಲ. ನನ್ನ ಯಜಮಾನರು ಹೋದ ಮೇಲೆ ನಾನು ಸಿನಿಮಾಕ್ಕೆ ಹೋಗಿರಲಿಲ್ಲ. ಗೋಡೆಯ ಪೋಸ್ಟರಿನಲ್ಲಿ ಅಕ್ಷರ ಕೂಡಿಸಿ ಹೆಸರು ಓದುತ್ತಿದ್ದೆ, ಅದರ ಕಥೆಯನ್ನು ಅವಳ ಬಾಯಲ್ಲಿ ಕೇಳುತ್ತಿದ್ದೆ. ನನಗೆ ಅಷ್ಟು ಸಾಕಾಗಿತ್ತು.

ಆಮೇಲೆ ತಿಳಿದ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡು ಸಾವಿರದ ಎರಡು, ಮೂರರ ಹೊತ್ತಿಗೆ ಸಿದ್ದಗಂಗಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ಅವಳು ಗಂಡನಿಗೂ ಹೇಳಲಿಲ್ಲ. ಗರಿ ಸೀಳುವುದು ಗುಬ್ಬಿಯ ತವರಿನಲ್ಲಿ ಚಿಕ್ಕಂದಿನಿಂದ ಕಲಿತ ಕೆಲಸ. ಬೆರಳು ಗರಿಯ ಅಂಚು ಹಿಡಿದು ತಾನೇ ಓಡುತ್ತಿತ್ತು. ಮನೆಯೊಳಗಿನ ಪಾತ್ರೆಪಡಗ ಇಟ್ಟಲ್ಲೇ ಇರುತ್ತಿದ್ದವು. ಹೀಗಾಗಿ ಯಾರಿಗೂ ಗೊತ್ತಾಗಲಿಲ್ಲ. ಶುಕ್ರವಾರ ಮಾತ್ರ ತಪ್ಪಿಸಲಿಲ್ಲ. ಬಾಲ್ಕನಿ ಬಿಟ್ಟು ಪರದೆಯ ಹತ್ತಿರದ ಗಾಂಧಿ ಕ್ಲಾಸಿಗೆ ಹೋಗತೊಡಗಿದಳು. ಕೇಳಿದರೆ, ಮೆಟ್ಟಿಲು ಹತ್ತಿದರೆ ಮಂಡಿ ನೋವು ಅನ್ನುವಳು. ಅಲ್ಲಿ ಕೂತು ಮಾತು, ಹಾಡು, ಅಳು, ಏಟು ಎಲ್ಲವನ್ನೂ ಕಿವಿಯಲ್ಲಿ ತುಂಬಿಕೊಂಡು ಬಂದು ಮೊದಲಿನ ಹಾಗೆಯೇ ತೀರ್ಪು ಕೊಡುವಳು. ಈಗ ನೆನೆಸಿಕೊಂಡರೆ, ಆ ದಿನಗಳಲ್ಲಿ ಅವಳು ಸೀರೆಯ ಬಣ್ಣ ಹೇಳುವುದನ್ನು ಬಿಟ್ಟಿದ್ದಳು. ಆಗ ಅದು ನಮ್ಮ ಗಮನಕ್ಕೇ ಬರಲಿಲ್ಲ. ವಠಾರದಲ್ಲಿ ಒಬ್ಬರಿಗೆ ಮಗನ ನೌಕರಿ, ಒಬ್ಬರಿಗೆ ಮಗಳ ಒಡವೆ ಹೇಳಿಕೊಳ್ಳಲಿಕ್ಕಿತ್ತು. ಅವಳಿಗೆ ಇದ್ದದ್ದು ಆ ಒಂದು ಮಾತಿನ ಬೆಲೆ. ಕಣ್ಣು ಕಾಣುವುದಿಲ್ಲ ಎಂದರೆ ಅದು ಅಂದಿಗೇ ಮುಗಿಯುತ್ತಿತ್ತು.

ನಮ್ಮ ಎದುರು ಮನೆಯ ಕಲ್ಲಮ್ಮ ಅದಾದ ಎರಡು ವರ್ಷಕ್ಕೆ ಮಗ ದಯಾನಂದನಿಗೆ ಕುಣಿಗಲ್ಲಿನಿಂದ ಹೆಣ್ಣು ತಂದಿದ್ದಳು. ಸೊಸೆ ತೇಜಸ್ವಿನಿ ಓದಿದ ಹುಡುಗಿ, ಮಾತು ಕಮ್ಮಿ. ಮದುವೆಯಾದ ಮೇಲೆ ಅವಳ ತಂದೆ ನರಸಿಂಹಯ್ಯ, ತಾಯಿ ವನಜಾಕ್ಷಮ್ಮ ಮೊದಲ ಸಲ ಮಗಳ ಮನೆಗೆ ಬರುವುದಿತ್ತು. ಬೀಗರು ಬಂದರೆ ಒಬ್ಬಟ್ಟಿನ ಊಟ, ಊಟಕ್ಕೆ ಮುಂಚೆ ಒಂದು ಸಿನಿಮಾ, ಇದು ನಮ್ಮ ಕಡೆ ನಡೆದುಬಂದದ್ದು. ಎರಡು ಹೊಸ ಸಿನಿಮಾ ಓಡುತ್ತಿದ್ದವು. ಒಂದು ಹಿಂದಿಯ ಕಾರ್ಟೂನು, ತಾಯಿಯಿಂದ ತಪ್ಪಿಸಿಕೊಂಡ ಒಂಟೆಮರಿಯ ಕಥೆ. ಇನ್ನೊಂದು ನಮ್ಮ ಕನ್ನಡದ್ದೇ, ಊರೆಲ್ಲ ಅದರದೇ ಪೋಸ್ಟರು, ಟಿಕೆಟ್ಟಿಗೆ ನೂಕುನುಗ್ಗಲು. ಸಿದ್ದಗಂಗಮ್ಮ ಎರಡಕ್ಕೂ ಹೋಗಿಬಂದಿದ್ದಳು.

ತೇಜಸ್ವಿನಿ ಮೆಲ್ಲಗೆ, ತನ್ನ ತಂದೆಗೆ ದನಕರು ಅಂದರೆ ಇಷ್ಟ, ಕಾರ್ಟೂನಿಗೇ ಹೋಗೋಣ ಅಂದಳು. ಕಲ್ಲಮ್ಮ ಸಿದ್ದಗಂಗಮ್ಮನ ಮುಖ ನೋಡಿದಳು. ಆ ಕಾರ್ಟೂನಿನಲ್ಲಿ ಮಾತು ಕಮ್ಮಿ, ಇದ್ದದ್ದೂ ಹಿಂದಿ. ಅರ್ಧಕ್ಕೂ ಹೆಚ್ಚು ಬರೀ ಗಾಳಿ, ಗಂಟೆ, ವಾದ್ಯ. ಸಿದ್ದಗಂಗಮ್ಮ ಅದರಲ್ಲಿ ಕೂತದ್ದೇ ಬಂತು, ಏನೂ ತಿಳಿದಿರಲಿಲ್ಲ. ತಿಳಿಯಲಿಲ್ಲ ಎಂದು ಹೇಳುವ ಬದಲು, "ಬರೀ ಗಲಾಟೆ ಕಣೇ ಅದು. ಗೊಂಬೆ ಕುಣಿಸ್ತವ್ರೆ. ಬೀಗ್ರನ್ನ ಕರ್ಕಂಡು ಹೋಗಿ ಗೊಂಬೆ ತೋರಿಸ್ತೀಯಾ?" ಅಂದಳು. ಇನ್ನೊಂದನ್ನು ಬಾಯಿ ತುಂಬ ಹೊಗಳಿದಳು. ತಾಯಿ ಮಗ ಆಡುವ ಮಾತು ಕೇಳಿದರೆ ಕರುಳು ಚುರುಕ್ ಅನ್ನುತ್ತದೆ, ಹಾಡಂತೂ ಪೂಜೆಗೆ ಕೂತ ಹಾಗಿದೆ, ಮನೆಮಂದಿಯೆಲ್ಲ ನೋಡಬಹುದು ಅಂದಳು. ಕಲ್ಲಮ್ಮ ಸಂತೋಷದಲ್ಲಿ ನೀವಿಬ್ಬರೂ ಬರಲೇಬೇಕು ಎಂದು ಸಿದ್ದಗಂಗಮ್ಮನನ್ನೂ ನನ್ನನ್ನೂ ಹೊರಡಿಸಿದಳು. ನಾನು ಒಲ್ಲೆ ಅಂದರೂ ಬಿಡಲಿಲ್ಲ.

ಸಂಜೆಯ ಆಟ, ಬಾಲ್ಕನಿ. ಕತ್ತಲಲ್ಲಿ ಮೆಟ್ಟಿಲು ಹತ್ತುವಾಗ ಸಿದ್ದಗಂಗಮ್ಮ ನನ್ನ ತೋಳು ಬಲವಾಗಿ ಹಿಡಿದಳು. ಮಂಡಿ ನೋವು ಅಂದುಕೊಂಡೆ. ಆ ಕೊನೆಯಲ್ಲಿ ಗಂಡಸರಿಬ್ಬರು, ಆಮೇಲೆ ಕಲ್ಲಮ್ಮ, ತೇಜಸ್ವಿನಿ, ವನಜಾಕ್ಷಮ್ಮ, ಸಿದ್ದಗಂಗಮ್ಮ, ಈ ಕೊನೆಯಲ್ಲಿ ನಾನು. ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ತಾಯಿ ಅತ್ತಳು, ವನಜಾಕ್ಷಮ್ಮನೂ ಕಣ್ಣೊರೆಸಿಕೊಂಡರು. ಆಮೇಲೆ ಹಾಡು ಬಂತು. ಕೊಳಲು, ಗೆಜ್ಜೆ, ನಡುನಡುವೆ ನೀರು ಹರಿಯುವ ಸದ್ದು. ಕಣ್ಣು ಮುಚ್ಚಿ ಕೇಳಿದರೆ ಯಾವುದೋ ಗುಡಿಯ ಪ್ರಾಂಗಣದಲ್ಲಿ ಕೂತ ಹಾಗೆ. ಕಣ್ಣು ತೆರೆದವರಿಗೆ ಬೇರೆ. ನಾನು ತಲೆ ಬಗ್ಗಿಸಿದೆ. ಓರೆಗಣ್ಣಿನಲ್ಲಿ ನೋಡಿದರೆ ನರಸಿಂಹಯ್ಯ ತಮ್ಮ ಚಪ್ಪಲಿ ನೋಡುತ್ತಿದ್ದರು, ದಯಾನಂದ ಛಾವಣಿ ನೋಡುತ್ತಿದ್ದ. ವನಜಾಕ್ಷಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ತಂದೆ, ಅತ್ತೆ, ಗಂಡ ಮೂವರ ಸಾಲಿನಲ್ಲಿ ಕೂತ ತೇಜಸ್ವಿನಿಯ ಮುಖ ನಾನು ನೋಡಲಿಲ್ಲ.

ಆಗ ಸಿದ್ದಗಂಗಮ್ಮ ವಾದ್ಯದ ಸದ್ದನ್ನು ಮೀರಿ ಕೇಳಲಿ ಎಂದು ದನಿ ಎತ್ತಿ, "ನೋಡಿ ವನಜಾಕ್ಷಮ್ಮ, ಎಷ್ಟು ಲಕ್ಷಣವಾಗಿ ತೆಗ್ದವ್ರೆ. ಈಗಿನ ಹೆಣ್ಮಕ್ಳು ನೋಡಿ ಕಲೀಬೇಕು" ಅಂದಳು.

ಮುಂದಿನ ಸಾಲಿನವರು ತಿರುಗಿ ನೋಡಿದರು. ಅವರಲ್ಲೊಬ್ಬ, "ಕಲಿಸು ಕಲಿಸು, ಅಜ್ಜಿ" ಅಂದ. ಸುತ್ತ ನಗು. ಸಿದ್ದಗಂಗಮ್ಮನೂ ಜೊತೆಗೆ ನಕ್ಕಳು. ಆಗ ನಾನು ಅವಳ ಮುಖ ಸರಿಯಾಗಿ ನೋಡಿದೆ. ಅವಳ ಮುಖ ಪರದೆಯ ಕಡೆಗಿರಲಿಲ್ಲ. ಕಿವಿ ಪರದೆಯ ಕಡೆಗಿತ್ತು, ಕಣ್ಣು ಪಕ್ಕದ ಗೋಡೆಯ ಮೇಲೆ ನಿಂತಿತ್ತು. ನನಗೆ ಅನುಮಾನ ಬಂದದ್ದು ಆಗಲೇ.

ಇಂಟರ್ವೆಲ್ಲಿನಲ್ಲಿ ನರಸಿಂಹಯ್ಯ ಎದ್ದು, ಬೆಳಿಗ್ಗೆ ಹಾಲು ಕರೆಯುವವರಿಲ್ಲ, ಕೊನೆ ಬಸ್ಸು ಹಿಡಿಯುತ್ತೇವೆ ಅಂದರು. ಕಲ್ಲಮ್ಮ ಕೈ ಹಿಡಿದು ಬೇಡಿಕೊಂಡರೂ ನಿಲ್ಲಲಿಲ್ಲ. ಮಾಡಿಟ್ಟ ಒಬ್ಬಟ್ಟು ಡಬ್ಬಿಯಲ್ಲೇ ಉಳಿಯಿತು.

ಮಾರನೇ ದಿನ ನಲ್ಲಿಯ ಹತ್ತಿರ ಕಲ್ಲಮ್ಮ ಕೊಡ ಕೆಳಗಿಟ್ಟು ಸಿದ್ದಗಂಗಮ್ಮನ ಎದುರಿಗೆ ನಿಂತಳು. ಜಗಳದ ದನಿಯಲ್ಲ, ಮೆಲ್ಲಗೇ ಕೇಳಿದಳು. "ನೀನು ನೋಡೇ ಹೇಳಿದ್ಯಾ ಗಂಗಮ್ಮ?"

ಇಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸಿದ್ದಗಂಗಮ್ಮ ತುಂಬಿದ ಕೊಡವನ್ನು ಸೊಂಟಕ್ಕೇರಿಸಿದಳು. ಆಮೇಲೆ, "ನೋಡ್ದೆ ಹೇಳ್ತೀನಾ? ಈಗಿನ ಸಿನಿಮಾದಲ್ಲಿ ಅದೆಲ್ಲಾ ಇರ್ತದೆ, ಬುಡು" ಅಂದಳು.

ಕುರುಡಿ ಅನ್ನಿಸಿಕೊಳ್ಳುವುದಕ್ಕಿಂತ ಮಾನಗೆಟ್ಟವಳು ಅನ್ನಿಸಿಕೊಳ್ಳುವುದೇ ವಾಸಿ ಎಂದು ಅವಳಿಗೆ ಕಂಡಿರಬೇಕು. ಹಾಗೆಯೇ ಅನ್ನಿಸಿಕೊಂಡಳು. ಈ ವಯಸ್ಸಿನಲ್ಲಿ ಅಂಥದ್ದನ್ನು ನೋಡುವುದಕ್ಕೇ ಒಬ್ಬಳೇ ಹೋಗುತ್ತಿದ್ದಳಾ ಎಂದು ವಠಾರದಲ್ಲಿ ಮಾತಾಯಿತು. ಕದರಯ್ಯನಿಗೂ ಅಂಗಡಿ ಮುಂದೆ ಯಾರೋ, ನಿನ್ನ ಹೆಂಡ್ತಿ ಹತ್ರ ಟ್ಯೂಷನ್ ಸಿಕ್ಕುತ್ತಾ ಅಂದರಂತೆ. ಅವನು ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಶನಿವಾರ ಗರಿಯ ಮುಂದೆ ಕೂತಾಗ ಯಾರೂ ಸಿನಿಮಾದ ಮಾತು ಎತ್ತಲಿಲ್ಲ. ಅವಳು ಕಡ್ಡಿ ತೆಗೆಯುತ್ತಲೇ ಇದ್ದಳು. ನನಗೆ ಅವಳ ಕಣ್ಣಿನ ವಿಷಯ ಕೇಳಬೇಕು ಅನ್ನಿಸಿತು, ಕೇಳದೆ ಇನ್ನೊಂದು ಗರಿ ಎಳೆದುಕೊಂಡೆ.

ಅಷ್ಟರಲ್ಲಿ ಗೌರಿ ಹಬ್ಬ ಹತ್ತಿರ ಬಂತು. ಮದುವೆಯಾದ ಮೊದಲ ವರ್ಷ ತವರಿನವರು ಬಂದು ಮಗಳಿಗೆ ಗೌರಿ ಬಾಗಿನ ಕೊಡಬೇಕು. ಕುಣಿಗಲ್ಲಿನಿಂದ ಪಕ್ಕದ ಅಂಗಡಿಯ ಫೋನಿಗೆ ಸುದ್ದಿ ಬಂತು, ನಾವು ಆ ಮನೆಗೆ ಬರುವುದಿಲ್ಲ, ಬಾಗಿನ ಯಾರ ಕೈಯಲ್ಲಾದರೂ ಕಳಿಸುತ್ತೇವೆ ಅಂತ. ಬಾಗಿನವನ್ನು ಯಾರದೋ ಕೈಯಲ್ಲಿ ಕಳಿಸುವುದೆಂದರೆ ಮಗಳ ಮನೆಯನ್ನು ಮನೆ ಎಂದು ಒಪ್ಪಲಿಲ್ಲ ಎಂದೇ ಅರ್ಥ. ತೇಜಸ್ವಿನಿ ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಆ ನೀರಿನ ಸದ್ದಿನೊಳಗಿನ ಅಳು ನಮಗೆ ಯಾರಿಗೂ ಕೇಳಲಿಲ್ಲ. ಸಿದ್ದಗಂಗಮ್ಮನಿಗೆ ಕೇಳಿತು.

ಅವಳು ನನ್ನ ಮನೆಗೆ ಬಂದು ಹೊಸಿಲ ಮೇಲೆ ಕೂತಳು. "ರಂಗಕ್ಕ, ಕುಣಿಗಲ್‌ಗೆ ಬತ್ತೀಯಾ? ನಂಗೆ ಬಸ್ಸಿನ ಬೋರ್ಡು ಕಾಣಲ್ಲ" ಅಂದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, "ಬೋರ್ಡಲ್ಲ. ಬಸ್ಸೇ ಕಾಣಲ್ಲ" ಅಂದಳು. ನಾನು ಎದ್ದು ಸೀರೆ ಬದಲಾಯಿಸಿದೆ.

ನರಸಿಂಹಯ್ಯನವರ ಮನೆ ಕುಣಿಗಲ್ ಕೆರೆಯ ಕಡೆಗೆ. ಅವರು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಬನ್ನಿ ಅಂದರು, ಹೊಸೆಯುವುದು ನಿಲ್ಲಿಸಲಿಲ್ಲ. ಸಿದ್ದಗಂಗಮ್ಮ ಜಗಲಿಯ ತುದಿಯಲ್ಲಿ ಕೂತು, ಬಾಗಿಲ ಕಡೆ ಮುಖ ಮಾಡಿ, ಒಳಗಿದ್ದ ವನಜಾಕ್ಷಮ್ಮನಿಗೆ ಕೇಳುವ ಹಾಗೆ ಶುರು ಮಾಡಿದಳು.

"ನಾನು ಆ ಸಿನಿಮಾನ ನೋಡ್ಲಿಲ್ಲ ಕಣಮ್ಮ. ಕೂತಿದ್ದೆ, ನೋಡ್ಲಿಲ್ಲ. ಎರಡು ವರ್ಷದಿಂದ ನಂಗೆ ಕಣ್ಣು ಕಾಣಲ್ಲ. ಮುಂದೆ ಬೆಳಕು ಆಡ್ತದೆ, ಅಷ್ಟೇಯ. ಹಾಡು ಕೇಳಿ ದೇವ್ರದು ಅಂದ್ಕಂಡೆ. ಕಲ್ಲಮ್ಮನ ಮನೇದು ಏನೂ ತಪ್ಪಿಲ್ಲ, ನಿಮ್ಮ ಮಗಳು ಅವತ್ತೇ ಬ್ಯಾಡ ಅಂದಿದ್ಲು."

ಅವಳು ಇಷ್ಟು ಹೇಳುವಾಗ ವನಜಾಕ್ಷಮ್ಮ ಬಾಗಿಲಲ್ಲಿರಲಿಲ್ಲ. ಮನೆಗೆ ಬಂದ ಮುತ್ತೈದೆಗೆ ಕುಂಕುಮ ಕೊಡದೆ ಇರಬಾರದೆಂದು ತಟ್ಟೆ ಹಿಡಿದು ಆಗಲೇ ಹೊರಗೆ ಬಂದು, ಅವಳ ಮಗ್ಗುಲಲ್ಲೇ ನಿಂತಿದ್ದರು. ಮಾತಿನ ಭರದಲ್ಲಿ ಆ ಹೆಜ್ಜೆ ಅವಳಿಗೆ ಕೇಳಿರಲಿಲ್ಲ. ತಟ್ಟೆ ಅವಳ ಭುಜಕ್ಕೆ ಒಂದು ಗೇಣು ದೂರದಲ್ಲಿತ್ತು. ಮುತ್ತೈದೆಯಾದವಳು ಕುಂಕುಮದ ತಟ್ಟೆ ಬಂದರೆ ಎಂಥ ಮಾತಿನ ನಡುವೆಯೂ ಕೈ ಚಾಚುತ್ತಾಳೆ. ಸಿದ್ದಗಂಗಮ್ಮ ಚಾಚಲಿಲ್ಲ. ಖಾಲಿ ಬಾಗಿಲಿಗೆ ಕೈ ಮುಗಿದು ಹೇಳುತ್ತಲೇ ಇದ್ದಳು. ವನಜಾಕ್ಷಮ್ಮ ತಟ್ಟೆ ಹಿಡಿದುಕೊಂಡೇ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಅವರು ತಾವೇ ಬಗ್ಗಿ ಅವಳ ಹಣೆಗೆ ಕುಂಕುಮ ಇಟ್ಟರು. ಬೆರಳು ತಾಗಿದಾಗ ಸಿದ್ದಗಂಗಮ್ಮ ಬೆಚ್ಚಿಬಿದ್ದಳು. ತಾನು ಇಷ್ಟು ಹೊತ್ತೂ ಯಾರೂ ಇಲ್ಲದ ಬಾಗಿಲಿನ ಜೊತೆ ಮಾತಾಡಿದೆ ಎಂದು ಅವಳಿಗೆ ಆಗ ತಿಳಿಯಿತು. ಮುಗಿದ ಕೈಯನ್ನು ಮಡಿಲಿಗೆ ಇಳಿಸಿ ಬಚ್ಚಿಟ್ಟುಕೊಂಡಳು.

ನರಸಿಂಹಯ್ಯ ಹಗ್ಗ ಪಕ್ಕಕ್ಕಿಟ್ಟರು. ಮಾತು ಬದಲಾಯಿಸಲಿಕ್ಕೆ ಇರಬೇಕು, "ಆ ಒಂಟೆಮರಿ ಸಿನಿಮಾ ಹೆಂಗದೆ, ಚೆನ್ನಾಗದಾ?" ಅಂದರು.

"ಗೊತ್ತಿಲ್ಲ ಯಜಮಾನ್ರೇ" ಅಂದಳು ಸಿದ್ದಗಂಗಮ್ಮ. ಒಂದು ಸಿನಿಮಾದ ಬಗ್ಗೆ ಅವಳು ಹಾಗೆ ಅಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನಾವು ಹೊರಡುವಾಗ ವನಜಾಕ್ಷಮ್ಮ ಗೇಟಿನವರೆಗೂ ಬಂದು, ಗೌರಿಗೆ ನಾವೇ ಬರುತ್ತೇವೆ ಎಂದು ಮಗಳಿಗೆ ತಿಳಿಸಿ ಅಂದರು. ಆ ಮಾತನ್ನು ನನಗೆ ಹೇಳಿದರು. ಸಿದ್ದಗಂಗಮ್ಮನ ಕಡೆ ನೋಡಲು ಅವರಿಗೂ ಆಗುತ್ತಿರಲಿಲ್ಲ.

ಬಸ್ಸು ಹೆಬ್ಬೂರು ದಾಟಿತು. ಅವಳು ನನ್ನ ಕಡೆ ಸರಿದು, "ರಂಗಕ್ಕ, ಆ ಹಾಡಲ್ಲಿ ಏನು ತೋರಿಸ್ತಿದ್ರು?" ಅಂದಳು.

ಬೇಡ ಬಿಡು ಅಂದೆ. ಹೇಳು ಅಂದಳು. ಇಷ್ಟು ವರ್ಷ ಅವಳು ಕಂಡದ್ದನ್ನು ನಾನು ಕೇಳಿಸಿಕೊಂಡಿದ್ದೆ. ಇವತ್ತು ನಾನು ಹೇಳಬೇಕಾಯಿತು. ಅವಳ ಕಿವಿಗೆ ಬಾಯಿ ಹಚ್ಚಿ, ಸುತ್ತ ಯಾರಿಗೂ ಕೇಳದ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀರಿನ ಸದ್ದು ಯಾವುದರದು, ಹಾಡಿನ ಹುಡುಗಿ ಏನು ಉಟ್ಟಿದ್ದಳು, ಏನು ಉಟ್ಟಿರಲಿಲ್ಲ, ಹೀರೋನ ಕೈ ಎಲ್ಲಿತ್ತು, ಯಾವ ಹೊತ್ತಿಗೆ ನರಸಿಂಹಯ್ಯ ತಲೆ ಬಗ್ಗಿಸಿದರು, ಮತ್ತು ಅದೇ ಹೊತ್ತಿಗೆ ಸಿದ್ದಗಂಗಮ್ಮನ ಬಾಯಿಂದಲೇ ಯಾವ ಮಾತು ಬಂತು. ನಾಚಿಕೆಯಿಂದ ನನ್ನ ಕಿವಿಯೇ ಬಿಸಿಯಾಯಿತು. ನಾನು ನಿಲ್ಲಿಸಿದಾಗಲೆಲ್ಲ, "ಆಮೇಲೆ?" ಅನ್ನುವಳು.

ಎಲ್ಲ ಮುಗಿದ ಮೇಲೆ ಅವಳು ಸೆರಗನ್ನು ತಲೆಯ ಮೇಲಿಂದ ಎಳೆದು ಪೂರ್ತಿ ಮುಖ ಮುಚ್ಚಿಕೊಂಡಳು. ತುಮಕೂರು ಬಂದು, ಎಲ್ಲರೂ ಇಳಿದು, ಕಂಡಕ್ಟರು ಬಂದು ಕೂಗುವವರೆಗೂ ತೆಗೆಯಲಿಲ್ಲ.