ಲಾಡ್ಲೇಸಾಬನ ಪಿಕಪ್ಪಿನ ಆವರೇಜು

ಶಹಾಪುರದ ಪಿಕಪ್ ಸ್ಟ್ಯಾಂಡಿನಲ್ಲಿ ಬೆಳಗಿನ ಚಹಾದ ಹೊತ್ತಿಗೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಆವರೇಜಿನ ಮೇಲೆ. ಯಾರ ಗಾಡಿ ಲೀಟರಿಗೆ ಎಷ್ಟು ಕಿಲೋಮೀಟರು ಓಡುತ್ತದೆ ಎನ್ನುವುದೇ ಅಲ್ಲಿ ಮನುಷ್ಯನ ಯೋಗ್ಯತೆ. ಹನ್ನೊಂದು ಅಂದವನನ್ನು ಕನಿಕರದಿಂದ ನೋಡುವರು. ಹದಿಮೂರು ಅಂದವನು ತುಸು ಎದೆ ಸೆಟೆಸಿ ಕೂಡುವನು. ಲಾಡ್ಲೇಸಾಬ ಮಾತ್ರ ಹದಿನೈದು ಅನ್ನುತ್ತಿದ್ದ, ಅದೂ ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ.

“ಸುಳ್ಳ ಹೇಳಾಕೂ ಒಂದ್ ಹದ್ದ ಇರಬೇಕ್ರಿ ಚಾಚಾ,” ಎಂದು ಪಕ್ಕದ ಗಾಡಿಯ ಶರಣಕುಮಾರ ಒಮ್ಮೆ ರೇಗಿದ. “ನಿಮ್ದೂ ಅದೇ ಎಂಜಿನ್, ನಮ್ದೂ ಅದೇ ಎಂಜಿನ್. ನಿಮ್ಮ ಗಾಡಿ ಏನ್ ಹವಾ ಕುಡದು ಓಡ್ತದೇನು?”

ಲಾಡ್ಲೇಸಾಬ ಶರಣಕುಮಾರನ ಎದುರೇ ಟಾಕಿ ಫುಲ್ ಮಾಡಿಸಿ, ಸಿಮೆಂಟು ಹೇರಿಕೊಂಡು ಯಾದಗಿರಿಗೆ ಹೋಗಿ ಇಳಿಸಿ, ಬಂದು ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿದ. ಲೆಕ್ಕ ಹಾಕಿದರೆ ಹದಿನೈದಕ್ಕೆ ತುಸು ಮೇಲೆಯೇ ನಿಂತಿತು. ಅವತ್ತಿನಿಂದ ಸ್ಟ್ಯಾಂಡಿನವರೆಲ್ಲ ಆ ಬಿಳಿ ಪಿಕಪ್ಪಿನ ಎಂಜಿನ್ನೇ ನಸೀಬಿನದು ಎಂದು ಒಪ್ಪಿಕೊಂಡರು. ಗಾಡಿಯ ಎಡಗಡೆಯ ಸೀಟಿನಲ್ಲಿ ಕೂತು ಹೋಗಿ ಬಂದ ಗೌಹರಬೇಗಂ ಕಡೆಗೆ ಮಾತ್ರ ಯಾರ ಲಕ್ಷ್ಯವೂ ಹೋಗಲಿಲ್ಲ.

ಗೌಹರಬೇಗಂ ಲಾಡ್ಲೇಸಾಬನ ಹೆಂಡತಿ. ಮಕ್ಕಳಾಗಿರಲಿಲ್ಲ. ಅವನು ಬಾಡಿಗೆ ಹಿಡಿದು ಬೆಳಗಾಗುತ್ತಲೇ ಹೊರಟರೆ ಅವಳು ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ. ಪಿಕಪ್ಪು ಮನೆಗೆ ಬಂದ ವರ್ಷವೇ ಒಂದು ದಿನ ಬುತ್ತಿ ಕಟ್ಟಿಕೊಟ್ಟವಳು ತಾನೂ ಚಪ್ಪಲಿ ಮೆಟ್ಟಿಕೊಂಡು, ಬುರ್ಖಾ ಹಾಕಿಕೊಂಡು ಬಂದು ಗಾಡಿ ಹತ್ತಿ ಕೂತುಬಿಟ್ಟಳು. ಇಳಿ ಅಂದರೆ ಇಳಿಯಲಿಲ್ಲ. ಮೊದಮೊದಲು ಅವನಿಗೆ ನಾಚಿಕೆ. ಸ್ಟ್ಯಾಂಡಿನ ಮುಂದೆ ಹಾಯುವಾಗ ಕುತ್ತಿಗೆ ತಿರುಗಿಸದೆ ನಡೆಸುತ್ತಿದ್ದ. ಆಮೇಲೆ ಅದೇ ರೂಢಿಯಾಯಿತು, ಅದೇ ಸುಖವಾಯಿತು.

ಒಂದೇ ತೊಂದರೆ. ಗಾಡಿ ಸ್ವಲ್ಪ ಜೋರಾದರೆ ಅವಳಿಗೆ ಹೊಟ್ಟೆ ತೊಳೆಸುತ್ತಿತ್ತು. ಮುಳ್ಳು ಐವತ್ತರ ಆಚೆ ಸರಿದದ್ದೇ ತಡ, ಅವನ ತೋಳಿನ ಮೇಲೆ ಎರಡು ಬೆರಳಿಟ್ಟು, “ಆಹಿಸ್ತಾ ಜೀ, ಆಹಿಸ್ತಾ,” ಅನ್ನುವಳು. ನಿಧಾನ, ನಿಧಾನ. ಅವನ ಕಾಲು ತಾನಾಗಿ ಮೇಲೆ ಬರುತ್ತಿತ್ತು. ಹಿಂದಿನ ಗಾಡಿಗಳು ಹಾರ್ನು ಹೊಡೆದು ಮುಂದೆ ಹೋಗುವವು. ಹೋಗಲಿ. ಇವರಿಬ್ಬರೂ ಮಾತಾಡುತ್ತ, ಕಾಲುವೆಯ ನೀರು ಎಷ್ಟು ಬಂದಿದೆ, ಯಾರ ಹೊಲದ ಹತ್ತಿ ಒಡೆದಿದೆ ಎಂದು ನೋಡುತ್ತ ಸಾಗುವರು. ಹುಣಸಗಿ ಕಡೆ ಹೋದರೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಲೆ ತಿನ್ನುವರು. ಪೇರಲ ಹಣ್ಣು ಮಾರುವವಳು ಸಿಕ್ಕರೆ ಗಾಡಿ ನಿಲ್ಲಲೇಬೇಕು. ಹಣ್ಣಿಗಿಂತ ಮಾತು ಹೆಚ್ಚು.

ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸುಗಳಲ್ಲಿ ಯಾರಿಗೆ ವರ್ಗವಾದರೂ ಸಾಮಾನು ಸಾಗಿಸಲು ಲಾಡ್ಲೇಸಾಬನಿಗೇ ಫೋನು ಬರುತ್ತಿತ್ತು. ಅದಕ್ಕೂ ಗೌಹರಬೇಗಮಳೇ ಕಾರಣ. ಗಂಡಸರು ಮಂಚ, ಅಲ್ಮಾರಿ ಹೊರುವಾಗ ಅವಳು ಒಳಗೆ ಹೋಗಿ ಗಾಜಿನ ಬಾಟಲಿ, ಉಪ್ಪಿನಕಾಯಿ ಭರಣಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಡುತ್ತಿದ್ದಳು. ಸೌಭಾಗ್ಯ ಎಂಬ ಹೆಣ್ಣುಮಗಳು, ಅಲ್ಲಿ ಗೇಟು ನೋಡಿಕೊಳ್ಳುವವನ ಹೆಂಡತಿ, ಯಾದಗಿರಿಗೆ ಹೊರಟ ದಿನ ತುಳಸಿ ಕುಂಡವನ್ನು ಎಲ್ಲಿಡಬೇಕೆಂದು ತಿಳಿಯದೆ ಅಳುತ್ತ ನಿಂತಿದ್ದಳು. ಹಿಂದೆ ಇಟ್ಟರೆ ಅಲ್ಮಾರಿಯ ಕೆಳಗೆ ಸಿಕ್ಕು ಒಡೆಯುತ್ತದೆ, ಬಸ್ಸಿನಲ್ಲಿ ಒಯ್ಯುವಂತಿಲ್ಲ.

“ನನ್ನ ಕೈಯಾಗ ಕೊಡವ್ವಾ,” ಅಂದಳು ಗೌಹರಬೇಗಂ. “ನಡೀತದಿಲ್ಲೋ?”

“ನಡೀಲಾರದಕ್ಕ ಏನಾಗ್ಯದ್ರಿ ಅಮ್ಮಾ,” ಎಂದು ಸೌಭಾಗ್ಯ ಕಣ್ಣೊರೆಸಿಕೊಂಡು ಕೊಟ್ಟಳು.

ಅಷ್ಟು ದೂರವೂ ಗೌಹರಬೇಗಂ ಆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು, ಗಾಳಿಗೆ ಎಲೆ ಉದುರಬಾರದೆಂದು ಕಿಟಕಿಯ ಗಾಜು ಏರಿಸಿಕೊಂಡು ಕೂತಳು. ಬಿಸಿಲಿಗೆ ಕ್ಯಾಬಿನ್ನು ಒಲೆಯಂತಾಗಿತ್ತು. ಲಾಡ್ಲೇಸಾಬ ಅವತ್ತು ನಲವತ್ತಕ್ಕಿಂತ ಮೇಲೆ ಹೋಗಲೇ ಇಲ್ಲ.

ಅವಳು ಪಕ್ಕದಲ್ಲಿರುವಾಗ ಅವನು ಗಾಡಿಯನ್ನು ಜೋರಾಗಿ ಓಡಿಸಿದ್ದು ಒಂದೇ ಒಂದು ಸಲ. ಕಳೆದ ವರ್ಷದ ಚಳಿಗಾಲದಲ್ಲಿ, ಮಧ್ಯಾಹ್ನ ಅಡಿಗೆ ಮಾಡುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ಶಹಾಪುರದ ಡಾಕ್ಟರು ನೋಡಿ, ಕೂಡಲೇ ಕಲಬುರಗಿಗೆ ಒಯ್ಯಿರಿ ಎಂದರು. ಅಂಬುಲೆನ್ಸು ಬೇರೆ ಊರಿಗೆ ಹೋಗಿತ್ತು. ಅವಳ ತಂಗಿ ಸಾಬೇರಾ ಮುಂದಿನ ಸೀಟಿನಲ್ಲೇ ಅಕ್ಕನ ತಲೆಯನ್ನು ಎದೆಗವಚಿಕೊಂಡು ಕೂತಳು. ಲಾಡ್ಲೇಸಾಬ ಜೇವರ್ಗಿಯ ದಾರಿಯಲ್ಲಿ ಎಕ್ಸಲರೇಟರನ್ನು ನೆಲಕ್ಕೆ ಒತ್ತಿ ಹಿಡಿದ. ಎಂಜಿನ್ನು ಚೀರಿತು. ಮುಳ್ಳು ನೂರಕ್ಕೆ ಹೋಗಿ ನಡುಗಿತು. ಅವನು ಕಾಯುತ್ತಿದ್ದ, ಎರಡು ಬೆರಳು ತೋಳಿಗೆ ತಾಗುತ್ತವೆಯೆಂದು, ಈಗ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದು. ಅವಳು ಏನೂ ಅನ್ನಲಿಲ್ಲ. ಕಲಬುರಗಿ ಮುಟ್ಟುವ ಮೊದಲೇ ಸಾಬೇರಾ ಅಳತೊಡಗಿದಳು.

ನಲವತ್ತು ದಿನದ ಕಾರ್ಯ ಮುಗಿಸಿ ಅವನು ಮತ್ತೆ ಸ್ಟ್ಯಾಂಡಿಗೆ ಬಂದ. ಎಡಗಡೆಯ ಸೀಟಿನ ಮೇಲೆ ಹಗ್ಗದ ಸಿಂಬೆ, ತಾಡಪಾಲು ಒಟ್ಟಿದ್ದ. ಯಾರಾದರೂ ಬರುತ್ತೇವೆಂದರೆ ಜಾಗವಿಲ್ಲ ಅನ್ನಬಹುದಲ್ಲ. ಕೆಲಸಕ್ಕೇನೂ ಕಡಿಮೆಯಿರಲಿಲ್ಲ. ಕಕ್ಕೇರಾಕ್ಕೆ ಗೊಬ್ಬರ, ರಾಮಸಮುದ್ರದಿಂದ ಶೇಂಗಾ, ಸುರಪುರಕ್ಕೆ ಟೈಲ್ಸು. ಆದರೆ ಟಾಕಿ ಬೇಗ ಬೇಗ ಖಾಲಿಯಾಗತೊಡಗಿತು. ಹದಿನೈದು ಕೊಡುತ್ತಿದ್ದ ಗಾಡಿ ಹದಿಮೂರಕ್ಕೆ ಬಂತು, ಆಮೇಲೆ ಹನ್ನೊಂದಕ್ಕೆ.

ಇದು ಅವನಿಗೆ ತಾಳಲಾರದ ಸಂಕಟವಾಯಿತು. ಡೀಸೆಲ್ಲಿನ ಖರ್ಚಿಗಲ್ಲ. ಗಾಡಿ ಒಳಗೊಳಗೇ ಸೊರಗುತ್ತಿದೆ, ತನಗೆ ತಿಳಿಯುತ್ತಿಲ್ಲ ಎಂಬ ಭಯ. ಅವಳ ಎದೆಯೊಳಗೆ ಏನಾಗುತ್ತಿತ್ತೆಂದು ಆಗಲೂ ತಿಳಿದಿರಲಿಲ್ಲ. ಏರ್ ಫಿಲ್ಟರ್ ಬದಲಿಸಿದ, ಡೀಸೆಲ್ ಫಿಲ್ಟರ್ ಬದಲಿಸಿದ. ಇಂಜೆಕ್ಟರುಗಳನ್ನು ಬಿಚ್ಚಿಸಿ ತೊಳೆಸಿದ. ಬೆಳಗ್ಗೆ ಎದ್ದ ಕೂಡಲೇ ಬಾನೆಟ್ಟು ಎತ್ತಿ, ಎಂಜಿನ್ನು ಚಾಲೂ ಮಾಡಿ, ತಲೆ ಬಗ್ಗಿಸಿ ಅದರ ಸದ್ದು ಕೇಳುತ್ತ ನಿಲ್ಲುವನು. ಹೊಗೆ ಕಪ್ಪಗಿರಲಿಲ್ಲ, ಎಣ್ಣೆ ಸೋರುತ್ತಿರಲಿಲ್ಲ.

“ಕೊಟ್ಟುಬಿಡ್ರಿ ಚಾಚಾ,” ಎಂದ ಶರಣಕುಮಾರ. ಅವನ ದನಿಯಲ್ಲಿ ಈಗ ಚೇಷ್ಟೆಯಿರಲಿಲ್ಲ. “ಎಂಜಿನ್ ದಣದದ. ಹೊಸಾದು ತಗೋರಿ.”

“ದಣದಿಲ್ಲ ಅದು,” ಎಂದ ಲಾಡ್ಲೇಸಾಬ. “ಏನೋ ಆಗ್ಯದ. ಹುಡುಕಬೇಕು.”

ಭೀಮರಾಯನಗುಡಿ ರಸ್ತೆಯ ಮೇಲೆ ಗ್ಯಾರೇಜು ಇಟ್ಟಿದ್ದ ಸಂಗಮನಾಥ ಗಾಡಿಯನ್ನು ಒಂದು ದಿನ ಪೂರ್ತಿ ತನ್ನಲ್ಲಿಟ್ಟುಕೊಂಡ. ಹಿಂದಿನ ಗಾಲಿಯ ಬ್ರೇಕು ಹಿಡಿದುಕೊಂಡಿದ್ದು ಸಿಕ್ಕಿತು. ಅದನ್ನು ಸಡಿಲಿಸಿದ ಮೇಲೆ ಆವರೇಜು ತುಸು ಏರಿತು. ಅಷ್ಟೇ. ಸಂಗಮನಾಥನಿಗೂ ಹಟ ಹಿಡಿಯಿತು. ಕಕ್ಕೇರಾದಲ್ಲಿ ಅವನ ಹೆಂಡತಿಯ ತವರಿತ್ತು. ಲಾಡ್ಲೇಸಾಬ ಆ ಕಡೆ ಬಾಡಿಗೆ ಹೊರಟ ದಿನ, “ನಾನೂ ಬರ್ತೇನಿ ತಡೀರಿ ಚಾಚಾ, ಗಾಡಿ ಓಡುವಾಗ ನೋಡಿದ್ರ ತಿಳೀತದ,” ಎಂದು ತಾನೇ ತಾಡಪಾಲನ್ನು ಹಿಂದಕ್ಕೆ ಒಗೆದು ಎಡಗಡೆ ಕೂತ. ಲಾಡ್ಲೇಸಾಬ ಬೇಡ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವನು ಬಾಗಿಲು ಎಳೆದುಕೊಂಡಾಗಿತ್ತು.

ಸುರಪುರದವರೆಗೆ ಸಂಗಮನಾಥ ಕಿವಿಗೊಟ್ಟು ಕೂತಿದ್ದ. ಟರ್ಬೋ ಸರಿಯಿದೆ, ಗೇರು ಸರಿಯಿದೆ. ಸುರಪುರ ದಾಟಿದ ಮೇಲೆ ಅವನು ಒಂದು ಕೈಯಿಂದ ಡ್ಯಾಷ್‌ಬೋರ್ಡು, ಇನ್ನೊಂದು ಕೈಯಿಂದ ಬಾಗಿಲಿನ ಹಿಡಿ ಹಿಡಿದುಕೊಂಡ. ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರಿಗೆ ಗೇಣು ದೂರದಲ್ಲಿ ಗಾಡಿ ಹಾಯಿತು. ಹಂಪಿನ ಮೇಲೆ ಹಿಂದಿನ ಮಾಲು ಧಡ್ಡೆಂದಿತು. ಲಾಡ್ಲೇಸಾಬನ ದವಡೆ ಬಿಗಿದಿತ್ತು, ಕಣ್ಣು ರಸ್ತೆಯ ತುದಿಯಲ್ಲಿ ನೆಟ್ಟಿತ್ತು.

“ಚಾಚಾ,” ಎಂದ ಸಂಗಮನಾಥ, ಗಾಬರಿಯಿಂದಲೇ, “ಯಾರಾದ್ರೂ ದವಾಖಾನ್ಯಾಗ ಅದಾರೇನ್ರಿ?”

ಲಾಡ್ಲೇಸಾಬ ಅವನ ಕಡೆ ತಿರುಗಿದ. “ಯಾಕ?”

“ಮತ್ತ ಇಷ್ಟ್ ಅವಸರ ಎಲ್ಲಿಗ್ರಿ?”

ಎಕ್ಸಲರೇಟರಿನ ಮೇಲೆ ಲಾಡ್ಲೇಸಾಬನ ಕಾಲು ಸಡಿಲಾಯಿತು. ಗಾಡಿ ತನ್ನಷ್ಟಕ್ಕೆ ನಿಧಾನವಾಗುತ್ತ ಬಂದು ರಸ್ತೆಯ ಬದಿಗೆ ನಿಂತಿತು. ಅವನು ಕೀಲಿ ತಿರುಗಿಸಿ ಎಂಜಿನ್ನು ಬಂದ್ ಮಾಡಿದ.

“ಇಲ್ಲ,” ಎಂದ. “ಯಾರೂ ಇಲ್ಲ ತಮ್ಮಾ.”

ಡೀಸೆಲ್ಲು ಹೋಗುತ್ತಿದ್ದುದು ಈ ಅವಸರಕ್ಕೆ ಎಂದು ಸಂಗಮನಾಥನಿಗೆ ಆಗ ಹೊಳೆಯಿತು. ಅವನು ನೀರಿನ ಬಾಟಲಿಯ ಮುಚ್ಚಳ ತೆಗೆದು ಮುಂದೆ ಹಿಡಿದ. ಲಾಡ್ಲೇಸಾಬ ಕುಡಿಯಲಿಲ್ಲ, ಮುಖಕ್ಕೆ ಎರಚಿಕೊಂಡ. ಆ ಚಳಿಗಾಲದ ಮಧ್ಯಾಹ್ನದಿಂದ ಇವತ್ತಿನವರೆಗೂ ತಾನು ಕಲಬುರಗಿಗೇ ಹೋಗುತ್ತಿದ್ದೇನೆ, ಕಕ್ಕೇರಾಕ್ಕೆ ಹೊರಟರೂ ಯಾದಗಿರಿಗೆ ಹೊರಟರೂ ಅಲ್ಲಿಗೇ ಹೋಗುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು. “ಗಾಡಿ ಛಲೋ ಅದ ಅಂತೀಯೇನು?” ಎಂದಷ್ಟೇ ಕೇಳಿದ.

“ಗಾಡೀಗಿ ಏನಾಗಿಲ್ರಿ ಚಾಚಾ. ಕಲ್ಲಿದ್ದಂಗ ಅದ.”

ಅಲ್ಲಿಂದ ಮುಂದೆ ಅವನು ನಿಧಾನವಾಗಿ ನಡೆಸಿದ. ಅದು ಸುಲಭವಾಗಿರಲಿಲ್ಲ. ಜೋರಾಗಿ ಹೋಗುವಾಗ ಯಾವುದೂ ಕಾಣುತ್ತಿರಲಿಲ್ಲ, ಈಗ ಎಲ್ಲವೂ ಕಾಣತೊಡಗಿತು. ಕಣದಲ್ಲಿ ಹರವಿದ ಕೆಂಪು ಮೆಣಸಿನಕಾಯಿ, ಕಾಲುವೆಯ ದಂಡೆಯಲ್ಲಿ ಬಟ್ಟೆ ಒಗೆಯುವವರು, ಭತ್ತದ ಗದ್ದೆಯಲ್ಲಿ ಬೆಳ್ಳಕ್ಕಿ. ಒಂದೊಂದನ್ನು ಕಂಡಾಗಲೂ ಹೇಳಬೇಕೆಂದು ನಾಲಿಗೆಯ ತುದಿಗೆ ಬರುವುದು. ಸಂಗಮನಾಥ ಒಳ್ಳೆಯ ಮನುಷ್ಯ, ಆದರೆ ಅವನಿಗೆ ಬೆಳ್ಳಕ್ಕಿ ತೋರಿಸಿ ಏನು ಮಾಡುವುದು?

ಮುಂದಿನ ತಿಂಗಳುಗಳಲ್ಲಿ ಆವರೇಜು ಏರಿತು. ಸ್ಟ್ಯಾಂಡಿನಲ್ಲಿ ಕೇಳಿದವರಿಗೆ ಅವನು ಬ್ರೇಕಿನ ಕಥೆಯನ್ನಷ್ಟೇ ಹೇಳಿದ. ಕೆಲವು ದಿನ ನಿಧಾನ ನಡೆಸುವುದು ತಡೆಯಲಾರದೆ ಹೋಗಿ ಕಾಲು ತಾನಾಗಿ ಒತ್ತುತ್ತಿತ್ತು. ಅಂಥ ದಿನ ಆವರೇಜು ನೋಡುತ್ತಿರಲಿಲ್ಲ.

ಈ ಬೇಸಿಗೆಯ ಮೊದಲಲ್ಲಿ ಕಕ್ಕೇರಾದಿಂದ ಖಾಲಿ ಗಾಡಿ ಹೊಡೆದುಕೊಂಡು ಬರುವಾಗ ಗೊಲ್ಲಾಳಮ್ಮ ಎಂಬ ಮುದುಕಿ ಕೈ ಅಡ್ಡ ಮಾಡಿದಳು. ಹೆಗಲಲ್ಲಿ ಗಂಟು, ಬಗಲಲ್ಲಿ ಆಡಿನ ಮರಿ. ಸುರಪುರದಲ್ಲಿ ಮಗಳ ಬಾಣಂತನ, ಬಸ್ಸು ತಪ್ಪಿತ್ತು. ಲಾಡ್ಲೇಸಾಬ ಪಕ್ಕದ ಸೀಟಿನ ಹಗ್ಗದ ಸಿಂಬೆಯನ್ನು ಕಾಲಬುಡಕ್ಕೆ ಸರಿಸಿದ. ಆಮೇಲೆ ಕೈ ಚಾಚಿ ಎಡಗಡೆಯ ಬಾಗಿಲು ತೆಗೆದ.

ದಾರಿಯುದ್ದಕ್ಕೂ ಅವಳ ಬಾಯಿ ನಿಲ್ಲಲಿಲ್ಲ. ಮಗಳ ಸಂಗತಿ, ಅಳಿಯನ ಸಂಗತಿ, ಆಡಿನ ಸಂಗತಿ. ಮರಿ ಗೇರಿನ ಹಿಡಿಯನ್ನು ನೆಕ್ಕಿತು. ಸುರಪುರದಲ್ಲಿ ಇಳಿದವಳು ಗಂಟು ಹೆಗಲಿಗೇರಿಸಿಕೊಂಡು, ಕಿಟಕಿಯಲ್ಲಿ ಇಣುಕಿ, “ಪುಣ್ಯಾ ಬರಲಿ ಯಪ್ಪಾ ನಿನಗ,” ಎಂದಳು. ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿ ಬಂದಳು. “ಖರೇ ಹೇಳ್ತೇನಿ, ಸಿಟ್ಟಾಗಬ್ಯಾಡ. ನಿನ್ನ ಗಾಡೀಕಿಂತ ನನ್ನ ಆಡ್ ಜೋರ್ ಹೋಗ್ತಾವ. ಮುಂದಿನ ಬಸ್ಸೇ ಚಲೋ ಇತ್ತು.”

ಲಾಡ್ಲೇಸಾಬನಿಗೆ ನಗು ಉಕ್ಕಿ ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು, ಹೊಟ್ಟೆಯಿಂದ ಎದ್ದು ಕಣ್ಣಲ್ಲಿ ನೀರು ತರಿಸಿತು. ಮುದುಕಿ ಆಡಿನ ಮರಿಯೊಂದಿಗೆ ಗಲ್ಲಿಯಲ್ಲಿ ಮರೆಯಾದಳು. ಅವನು ಗೇರು ಹಾಕಿ ಶಹಾಪುರದ ರಸ್ತೆಗೆ ತಿರುಗಿದ. ನಗುತ್ತಲೇ, “ಕೇಳಿದೆಯೇನೇ?” ಎಂದು ಎಡಗಡೆಗೆ ತಿರುಗಿದ.

ಅಲ್ಲಿ ಆಡಿನ ಮರಿಯ ನಾಲ್ಕು ಕೂದಲು ಬಿದ್ದಿದ್ದವು. ಕಿಟಕಿಯಿಂದ ಬಿಸಿ ಗಾಳಿ ಬರುತ್ತಿತ್ತು. ಅವನು ಗೌಹರಬೇಗಂ ಕೂಡುತ್ತಿದ್ದ ಆ ಸೀಟಿಗೆ, ಮುದುಕಿ ಏನಂದಳು, ಮರಿ ಏನು ಮಾಡಿತು ಎಂದು ಮೊದಲಿನಿಂದ ಶುರುಮಾಡಿ, ಶಹಾಪುರ ಬರುವವರೆಗೂ, ಒಂದೂ ಬಿಡದೆ ಹೇಳುತ್ತ ಹೋದ.