ನಜಾರ್ ಬೆಸೆದ ಗಾಳ

ಎಸ್ಟೋನಿಯಾದ ಪೈಪುಸ್ ಸರೋವರದ ಪಡುದಂಡೆಯ ಈರುಳ್ಳಿ ಬೆಳೆಯುವ ಹಳ್ಳಿಗಳಲ್ಲಿ ಗಾಳ ಎಂದರೆ ನಜಾರ್ ಮಾಡಿದ್ದೇ ಗಾಳ, ಮಿಕ್ಕದ್ದೆಲ್ಲ ತಂತಿಚೂರು ಎಂಬ ಮಾತಿತ್ತು. ಹೆಪ್ಪುಗಟ್ಟಿದ ನೀರಿಗೆ ತೂತು ಕೊರೆದು ಕೆಳಗಿಳಿಸುವ ಗಾಳ ಅದು. ಹುರುಳಿಕಾಳಿನಷ್ಟು ಹಿತ್ತಾಳೆಯ ಒಡಲು, ಅದರ ಬೆನ್ನಲ್ಲಿ ದಾರ ಪೋಣಿಸಲು ಒಂದು ಕಣ್ಣು, ಬಾಲದಲ್ಲಿ ಕೊಕ್ಕೆ. ಹಿತ್ತಾಳೆ ಸಿಗುತ್ತಿದ್ದದ್ದು ಚಹಾಕ್ಕೆ ನೀರು ಕಾಯಿಸುವ, ಸೋರುವ ಹಳೆಯ ಸಮೋವಾರ್‌ಗಳಿಂದ. ಅದನ್ನು ಕತ್ತರಿಸಿ, ಮೊಳೆಯ ತಲೆಯ ಮೇಲಿಟ್ಟು ಬಡಿದು ದೊನ್ನೆಯಂತೆ ಬಗ್ಗಿಸಿ, ಕೊಕ್ಕೆಯ ಕಾಲನ್ನು ಅದರೊಳಗೆ ಮಲಗಿಸಿ ತವರ ಕರಗಿಸಿ ತುಂಬುತ್ತಿದ್ದ. ಬೇರೆಯವರು ಅಷ್ಟಕ್ಕೇ ಕೈತೊಳೆದುಕೊಳ್ಳುತ್ತಿದ್ದರು. ನಜಾರ್ ಮಾತ್ರ ಬೆಸುಗೆ ಹಾಕಿದ ಗಾಳಗಳನ್ನು ಸೋಡಾ ಬೆರೆಸಿದ ನೀರಿನಲ್ಲಿ ಕುದಿಸುತ್ತಿದ್ದ. ಬೆಸುಗೆಯ ಆಸಿಡ್ ಒಂದು ಹನಿ ಉಳಿದರೂ ಕೊಕ್ಕೆಯ ಕುತ್ತಿಗೆ ಒಂದೇ ಚಳಿಗಾಲದಲ್ಲಿ ತುಕ್ಕು ಹಿಡಿದು ಮುರಿಯುತ್ತದೆ. ಕೊನೆಗೆ ಗಾಳವನ್ನು ಬಾಗಿಲ ಚೌಕಟ್ಟಿನ ಮೊಳೆಗೆ ಸಿಕ್ಕಿಸಿ, ತುಂಬಿದ ಚಹಾ ಕೆಟಲನ್ನು ಅದರಿಂದ ತೂಗಿಬಿಡುತ್ತಿದ್ದ. ಕೊಕ್ಕೆ ಕೂದಲೆಳೆಯಷ್ಟು ಬಾಗಿದರೂ ಅದು ಕಸದ ಡಬ್ಬಿಗೆ.

ಗಾಳ ಮಾಡುವವನು ನಜಾರ್ ಆದರೆ ಮೀನು ಹಿಡಿಯುವವಳು ಅವನ ಹೆಂಡತಿ ಉಲಿತಾ. ಹಳೆಯ ವಿಧಿಗಳನ್ನು ಬಿಡದ ರಷ್ಯನ್ ಕ್ರೈಸ್ತರಾದ ಹಳೇ ಮತದವರ ಪ್ರಾರ್ಥನಾ ಮಂದಿರದಲ್ಲಿ ಹಾಡು ಎತ್ತಿಕೊಡುತ್ತಿದ್ದವಳೂ ಅವಳೇ. ಗಂಡಸಿನದೋ ಅನ್ನಿಸುವಷ್ಟು ತಗ್ಗಿನ, ಗಟ್ಟಿಯಾದ ದನಿ. ಅವಳು ಮೊದಲ ಸೊಲ್ಲು ಹಿಡಿದರೆ ಉಳಿದ ಹೆಂಗಸರು ಅದರ ಮೇಲೆ ಒರಗಿಕೊಂಡು ಹಾಡುತ್ತಿದ್ದರು.

ಆ ಫೆಬ್ರವರಿಯ ಬೆಳಿಗ್ಗೆ ಚಳಿ ಕಿವಿ ಕತ್ತರಿಸುವಂತಿತ್ತು. ಗಂಡಹೆಂಡಿರು ದಡದಿಂದ ದೂರ, ಪಕ್ಕಪಕ್ಕದ ತೂತುಗಳ ಮುಂದೆ ಪೆಟ್ಟಿಗೆ ಹಾಕಿಕೊಂಡು ಕೂತಿದ್ದರು. ಸ್ವಲ್ಪ ಆಚೆ ನೆರೆಮನೆಯ ಸಾವ್ವಾ ತನ್ನ ಡೊಳ್ಳುಗಾಲಿಯ ಬಂಡಿ ನಿಲ್ಲಿಸಿಕೊಂಡಿದ್ದ. ಮಂಜುಗಡ್ಡೆಯ ಮೇಲೆ ಓಡಾಡಲು ಹಳೆಯ ಮೋಟಾರಿಗೆ ಉಬ್ಬಿದ ಟ್ಯೂಬ್ ಗಾಲಿ ಹಾಕಿ ಅವನೇ ಕಟ್ಟಿಕೊಂಡದ್ದು ಅದು.

ಗಾಳ ಮೇಲೆತ್ತಿದ ಪ್ರತಿ ಸಲವೂ ಅದರ ಕಣ್ಣಿನೊಳಗೆ ನೀರು ಹೆಪ್ಪುಗಟ್ಟಿ ದಾರ ಸಿಕ್ಕಿಕೊಳ್ಳುತ್ತಿತ್ತು. ಆಗ ಎಲ್ಲರೂ ಮಾಡುವುದನ್ನೇ ಉಲಿತಾ ಮಾಡಿದಳು. ಗಾಳವನ್ನು ತುಟಿಗಳ ನಡುವೆ ಇಟ್ಟು ಉಸಿರಿನಿಂದ ಬಿಸಿ ಮಾಡಿದಳು. ಹಾಗೆಯೇ ಗಂಡನ ತೂತಿನ ಕಡೆ ಕಣ್ಣು ಹಾಯಿಸಿ, ಅರ್ಧ ಮುಚ್ಚಿದ ಬಾಯಲ್ಲೇ ಅಂದಳು:

"ಎಷ್ಟಾಯ್ತು ಮಾರಾಯ, ಒಂದಾದ್ರೂ ಬಂತಾ?"

"ಯೋಚ್ನೆ ಮಾಡ್ತಾ ಇವೆ," ಅಂದ ನಜಾರ್.

"ನೀನು ನನ್ನ ನೋಡೋಕೆ ಬಂದಾಗ್ಲೂ ನಮ್ಮಪ್ಪ ಹಂಗೇ ಅಂದಿದ್ದ, ಹುಡ್ಗಿ ಯೋಚ್ನೆ ಮಾಡ್ತಾ ಇದಾಳೆ ಅಂತ. ನಾನೋ ಯೋಚ್ನೇನೇ ಮಾಡ್ದೆ ಒಪ್ಕೊಂಡ್ಬಿಟ್ಟೆ."

ತನ್ನ ಮಾತಿಗೆ ತಾನೇ ನಕ್ಕಳು. ನಗು ಮುಗಿದು ಉಸಿರು ಒಳಗೆಳೆದುಕೊಂಡಾಗ ಗಾಳವೂ ಒಳಗೆ ಹೋಯಿತು.

ಮೊದಲು ನಜಾರನಿಗೆ ತಿಳಿಯಲೇ ಇಲ್ಲ. ಅವಳು ಕೆಮ್ಮಿದಳು, ಆಮೇಲೆ ಕೆಮ್ಮುವುದನ್ನು ತಟ್ಟನೆ ನಿಲ್ಲಿಸಿದಳು. ಬಾಯಿಯ ಮೂಲೆಯಿಂದ ನೈಲಾನ್ ದಾರ ಹೊರಗೆ ಬಂದು ಅವಳ ಕೈಯಲ್ಲಿದ್ದ ಮೊಳದುದ್ದದ ಕೋಲಿಗೆ ಸೇರಿತ್ತು. ಅವನ ಕೈ ತಾನೇ ತಾನಾಗಿ ದಾರದ ಕಡೆ ಹೋಯಿತು. ಉಲಿತಾ ಅವನ ಮಣಿಕಟ್ಟನ್ನು ಗಬಕ್ಕನೆ ಹಿಡಿದಳು. ಸಿಕ್ಕಿದ ಮೀನಿನ ದಾರ ಎಳೆದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಮಾತಾಡ್ಬೇಡ," ಅಂದ ಅವನು. ಅವಳು ಮಾತಾಡುವ ಸ್ಥಿತಿಯಲ್ಲೇ ಇರಲಿಲ್ಲ. "ನುಂಗ್ಬೇಡ ಕಣೇ. ಅಲ್ಲಾಡ್ಬೇಡ."

ಚಾಕುವಿನಿಂದ ದಾರ ಕತ್ತರಿಸಿ ಕೋಲನ್ನು ಬೇರೆ ಮಾಡಿ, ದಾರದ ತುದಿಯನ್ನು ಸಡಿಲವಾಗಿ ಅವಳ ಕೋಟಿನ ಗುಂಡಿಗೆ ಸುತ್ತಿದ. ಅಷ್ಟೇ ಅವನಿಂದಾದದ್ದು. ಸಾವ್ವಾ ಓಡಿಬಂದು ನೋಡಿದವನು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಆಂಬುಲೆನ್ಸಿಗೆ ಫೋನ್ ಮಾಡಿ, ಇಬ್ಬರನ್ನೂ ಹತ್ತಿಸಿಕೊಂಡು ಬಂಡಿ ಹೊರಡಿಸಿದ.

ದಡದವರೆಗಿನ ದಾರಿಯುದ್ದಕ್ಕೂ ಮಂಜುಗಡ್ಡೆ ಒಡೆದು ಎದ್ದುನಿಂತ ದಿಣ್ಣೆಗಳು. ನಜಾರ್ ಹಿಂದೆ ಕೂತು ಹೆಂಡತಿಯ ತಲೆಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿದ್ದ. ಬಂಡಿ ಎಗರಿದಾಗಲೆಲ್ಲ ಅವಳ ಬೆರಳುಗಳು ಅವನ ತೊಡೆಯನ್ನು ಚುಚ್ಚುತ್ತಿದ್ದವು. ನುಂಗಲಾಗದ ಜೊಲ್ಲು ಶಾಲಿನ ಮೇಲೆ ಹರಿದು ಅಲ್ಲೇ ಗಡ್ಡೆ ಕಟ್ಟುತ್ತಿತ್ತು.

"ಮೆಲ್ಲಗೆ ಹೋಗೋ."

"ಮೆಲ್ಲಗೆ ಹೋದ್ರೆ ಹೊತ್ತಾಗುತ್ತೆ."

"ಹಂಗಾದ್ರೆ ಬೇಗ ಹೋಗು."

"ಬೇಗ ಹೋದ್ರೆ ಎಗರುತ್ತೆ ನಜಾರ್. ನಾನೇನ್ ಮಾಡ್ಲಿ ಹೇಳು," ಅಂದ ಸಾವ್ವಾ, ಹಿಂತಿರುಗಿ ನೋಡದೆ. ಅವನು ಅಳುತ್ತಿದ್ದ.

ದಡದಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ಎಳೆವಯಸ್ಸಿನ ಎಸ್ಟೋನಿಯನ್ ಡಾಕ್ಟರಮ್ಮ ಎಕ್ಸ್‌ರೇ ಹಿಡಿದುಕೊಂಡು ನಜಾರ್ ಹತ್ತಿರ ಬಂದಳು. ಅವಳ ರಷ್ಯನ್ ತಡವರಿಸುತ್ತಿತ್ತು. ಚಿತ್ರದಲ್ಲಿ ಗಂಟಲ ಎಲುಬಿನ ಪಕ್ಕ ಗಾಳ ಬೆಳ್ಳಗೆ, ಅಚ್ಚುಕಟ್ಟಾಗಿ ಕೂತಿತ್ತು. ಗುರುತು ಸಿಗದಿರಲು ಸಾಧ್ಯವೇ ಇರಲಿಲ್ಲ.

"ಇಂಥದ್ರಲ್ಲಿ ಕೆಲವು ಸಲ ಕೊಕ್ಕೆನ ಒಳಗೇ ಮುರಿದು ಎರಡು ತುಂಡಾಗಿ ತೆಗೀಬಹುದು," ಅಂದಳು. "ಇದು ಎಲ್ಲಿ ಮುರಿಯುತ್ತೆ?"

"ಎಲ್ಲೂ ಮುರಿಯಲ್ಲ."

"ಬೆಸುಗೆ ಹಾಕಿರೋ ಜಾಗದಲ್ಲಿ?"

"ಅಲ್ಲಂತೂ ಇಲ್ಲವೇ ಇಲ್ಲ. ನಾನೇ ಮಾಡಿದ್ದು."

"ಅಷ್ಟು ಗಟ್ಟಿ ಯಾಕೆ ಮಾಡಿದ್ರಿ?"

ಅವಳು ಕೋಪದಿಂದ ಕೇಳಿರಲಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದಳು. ನಜಾರ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತ.

ಬಾಯಿಯ ಮೂಲಕ ತೆಗೆಯಲು ನೋಡಿದರು, ಬರಲಿಲ್ಲ. ಕುತ್ತಿಗೆಯ ಪಕ್ಕದಲ್ಲಿ ಕೊಯ್ಯಬೇಕೆಂದರು. ಬಾಗಿಲು ಮುಚ್ಚಿತು. ನಜಾರ್ ಬೆಂಚಿನ ಮೇಲೆ ಕೂತ, ಎದ್ದ, ಮತ್ತೆ ಕೂತ. ಒಳಗೆ ಹೋಗುವಂತಿಲ್ಲ, ಮನೆಗೆ ಹೋಗುವಂತಿಲ್ಲ, ಪ್ರಾರ್ಥನೆ ಬಾಯಿಗೆ ಬಂದರೂ ಮೊದಲ ಸೊಲ್ಲಿನ ಆಚೆ ಹೋಗುತ್ತಿರಲಿಲ್ಲ. ಸಾವ್ವಾ ಜೇಬಿನಿಂದ ಈರುಳ್ಳಿ ಕಡುಬು ತೆಗೆದು ಅರ್ಧ ಚಾಚಿದ. ನಜಾರ್ ಅದನ್ನು ಇಸಿದುಕೊಂಡು ಹಾಗೇ ಹಿಡಿದುಕೊಂಡ. ಬದುಕಿನಲ್ಲಿ ಕೆಟ್ಟದ್ದನ್ನೆಲ್ಲ ಅರದಿಂದ ಉಜ್ಜಿ, ಬಡಿದು, ಬೆಸೆದು ಸರಿಮಾಡಿಕೊಂಡು ಬಂದವನು ಅವನು. ಈ ಸಲ ಕೈ ಹಾಕಲು ಏನೂ ಇರಲಿಲ್ಲ.

ಉಲಿತಾ ಉಳಿದುಕೊಂಡಳು. ಆದರೆ ಕೊಕ್ಕೆ ಕೂತಿದ್ದ ಜಾಗದಲ್ಲೇ ದನಿಯ ನರವೂ ಇತ್ತು, ಅದನ್ನು ಚುಚ್ಚಿಬಿಟ್ಟಿತ್ತು. ಸ್ವಲ್ಪ ಬಂದೀತು, ಪೂರ್ತಿ ಬರುವುದು ಕಷ್ಟ ಅಂದಳು ಡಾಕ್ಟರಮ್ಮ. ಮಾತಾಡಲು ಅಪ್ಪಣೆ ಸಿಕ್ಕಿದ ದಿನ ಉಲಿತಾ ಗಂಡನನ್ನು ಬಗ್ಗಲು ಹೇಳಿ, ಒಣಹುಲ್ಲು ತಿಕ್ಕಿದಂಥ ದನಿಯಲ್ಲಿ ಕೇಳಿದಳು:

"ಗಾಳ ಇಸ್ಕೊಂಡ್ಯಾ?"

"ಇಲ್ಲ."

"ಒಳ್ಳೇದಿತ್ತು ಕಣೋ ಅದು."

ಈಸ್ಟರ್ ಹೊತ್ತಿಗೆ ಮನೆಗೆ ಬಂದಿದ್ದಳು. ಪ್ರಾರ್ಥನಾ ಮಂದಿರದಲ್ಲಿ ತನ್ನ ಎಂದಿನ ಜಾಗದಲ್ಲೇ ನಿಂತಳು. ಎಲ್ಲರೂ ಅವಳ ಮುಖ ನೋಡಿದರು. ಬಾಯಿ ತೆರೆದಳು. ಗಾಳಿ ಬಂತು, ಸ್ವರ ಬರಲಿಲ್ಲ. ಆಮೇಲೆ ಬೇರೊಬ್ಬಾಕೆ ಎತ್ತಿಕೊಂಡಳು, ಅತಿ ಎತ್ತರಕ್ಕೆ. ಉಳಿದವರಿಗೆ ಅಲ್ಲಿಗೆ ಏರಲಾಗದೆ ಹಾಡು ಅಲ್ಲಲ್ಲಿ ತುಂಡಾಯಿತು. ಗಂಡಸರ ಸಾಲಿನಲ್ಲಿದ್ದ ನಜಾರ್ ನೆಲದ ಹಲಗೆಗಳನ್ನೇ ನೋಡುತ್ತ ನಿಂತಿದ್ದ. ಮನೆಯಲ್ಲಿ ಜೇನು ಕಾಯಿಸಿಕೊಟ್ಟ, ಹಾಲಿಗೆ ಬೆಣ್ಣೆ ಹಾಕಿ ಕೊಟ್ಟ, ಈರುಳ್ಳಿ ರಸ ಹಿಂಡಿಕೊಟ್ಟ. ಅವಳು ಎಲ್ಲವನ್ನೂ ಕುಡಿದಳು. ಒಂದು ದಿನ ಲೋಟ ಪಕ್ಕಕ್ಕಿಟ್ಟು "ಸಾಕು ಬಿಡು. ನಿನ್ನ ಸಮಾಧಾನಕ್ಕೆ ಎಷ್ಟು ಅಂತ ಕುಡೀಲಿ," ಅಂದಳು.

ಬೇಸಿಗೆ ಪೂರ್ತಿ ಅವನು ಬೆಸುಗೆ ಸಲಾಕೆ ಮುಟ್ಟಲಿಲ್ಲ. ಮೊದಲ ಹಿಮ ಬಿದ್ದಾಗ ಉಲಿತಾಳೇ ಅವನನ್ನು ಮೇಜಿನ ಮುಂದೆ ಕೂರಿಸಿದಳು. ಅವನು ಒಂದು ಗಾಳ ಮಾಡಿದ. ಬೇಕೆಂದೇ ತವರ ಕಡಿಮೆ ಹಾಕಿದ, ಸೋಡಾದಲ್ಲಿ ಕುದಿಸಲಿಲ್ಲ, ಕೆಟಲ್ ತೂಗಲಿಲ್ಲ. ಉಲಿತಾ ಅದನ್ನು ಬೆಳಕಿಗೆ ಹಿಡಿದು ನೋಡಿ, ಮೇಜಿನ ಅಂಚಿಗೊತ್ತಿ ಬೆರಳಿನಿಂದಲೇ ಮುರಿದಳು.

"ಇದೇನು, ಬೆಣ್ಣೇಲಿ ಮಾಡಿದ್ಯಾ?"

"ಮತ್ತೆ ಹಂಗಾದ್ರೆ ಮುರೀಲಿ ಅಂತ."

"ಹಿಂಗಿದ್ರೆ ಮೀನೂ ಮುರ್ಕೊಂಡು ಹೋಗುತ್ತೆ. ಸರಿಯಾಗಿ ಮಾಡು."

ಸರಿಯಾಗಿ ಮಾಡಿದ. ಹಾಳುಮಾಡುವುದು ಅವನ ಕೈಗೆ ಎರಡನೇ ಸಲ ಬರಲಿಲ್ಲ.

ಸರೋವರ ಹೆಪ್ಪುಗಟ್ಟಿತು. ಗಾಳದ ಕಣ್ಣಿನಲ್ಲಿ ಕಟ್ಟಿದ ಮಂಜು ಕರಗಿಸಲು ನಜಾರ್ ಥರ್ಮಾಸಿನಲ್ಲಿ ಬಿಸಿನೀರು ತಂದು ಅವಳ ಕಾಲ ಬಳಿ ಇಟ್ಟ. ಅವಳು ಕೆಲವು ಸಲ ಅದ್ದಿದಳು. ಕೈಗವಸು ಒದ್ದೆಯಾಗಿ ಬೆರಳು ಮರಗಟ್ಟಿದ ಮೇಲೆ, ಗಾಳ ಮತ್ತೆ ತುಟಿಗೆ ಹೋಯಿತು.

"ಉಲಿತಾ," ಅಂದ.

ಅವಳು ಏನೋ ಹೇಳಿದಳು. ಗಾಳಿ ಬೀಸುತ್ತಿತ್ತು, ಆ ದನಿ ಅವನವರೆಗೆ ಬರಲಿಲ್ಲ. ಥರ್ಮಾಸನ್ನು ಅವಳ ಕಡೆ ಇನ್ನಷ್ಟು ಸರಿಸಿದ. ಅವಳು ಅದನ್ನು ಎತ್ತಿ ಚಹಾಕ್ಕೆ ನೀರು ಬಗ್ಗಿಸಿಕೊಂಡಳು.

ಅಲ್ಲಿಂದೀಚೆಗೆ ಸರೋವರದ ಮೇಲೆ ಅವಳ ಬಾಯಲ್ಲಿ ಗಾಳವಿರುವಷ್ಟು ಹೊತ್ತು ನಜಾರ್ ತುಟಿ ಬಿಚ್ಚುವುದಿಲ್ಲ. ಪಕ್ಕದವರು ತಮಾಷೆಗೆ ಬಾಯಿ ತೆರೆದರೂ ಕೈ ಎತ್ತಿ ತಡೆಯುತ್ತಾನೆ. ಗಾಳ ತುಟಿಯಿಂದ ಇಳಿದು, ತೂತಿನಲ್ಲಿ ಮುಳುಗಿ, ದಾರ ಬಿಗಿಯಾದ ಮೇಲೆಯೇ ಅವನು ಉಸಿರು ಬಿಟ್ಟು "ಹೂಂ, ಈಗ ಹೇಳು," ಅನ್ನುವುದು.