ನೀರುಕಾಗೆಗಳು ಕಾವು ಕೂತ ವರ್ಷಗಳು

ಮೊದಲನೆ ಬಾಣಂತನಕ್ಕೆ ನಾನು ತವರಿಗೆ ಬಂದದ್ದು ಆಷಾಢದಲ್ಲಿ. ಗಂಡನ ಮನೆ ಬಿನ್ನಿಪೇಟೆಯ ಒಂದು ವಠಾರ. ತವರು ಕೆಂಗೇರಿಗೆ ಈಚೆ, ಕೆರೆಯ ಮಗ್ಗುಲಿನ ಹಳ್ಳಿ. ಐವತ್ತರ ದಶಕದ ನಡುವಿನ ಮಾತು. ಈಗಿನವರಿಗೆ ಹೇಳಿದರೆ ಎರಡೂ ಒಂದೇ ಊರಲ್ಲವಾ ಅನ್ನುತ್ತಾರೆ. ಆಗ ಮೈಸೂರು ರಸ್ತೆಯಲ್ಲಿ ಬಸ್ಸಿಳಿದು, ಗದ್ದೆ ಬದುವಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಡೆದು ಮನೆ ಮುಟ್ಟುವಷ್ಟರಲ್ಲಿ ಮಾತಾಡುವ ತ್ರಾಣ ಉಳಿದಿರಲಿಲ್ಲ. ಅವ್ವ ಚಾಪೆ ಹಾಸಿ, "ಮಲಕ್ಕೊ, ಮಾತು ಆಮೇಲೆ" ಅಂದಳು. ಕಣ್ಣು ಮುಚ್ಚಿದರೆ ಹಿತ್ತಲ ಹುಣಸೆಮರದಿಂದ ಒಂದೇ ಗಲಾಟೆ. ನೀರುಕಾಗೆಗಳು ನನಗಿಂತ ಮುಂಚೆ ಬಂದು ಗೂಡು ಕಟ್ಟಿದ್ದವು.

ಕಾಗೆಯಷ್ಟೇ ಕಪ್ಪು, ಆದರೆ ಕತ್ತು ಉದ್ದ, ಕೊಕ್ಕಿನ ತುದಿ ಕೊಕ್ಕೆ. ಕೆರೆಯಲ್ಲಿ ಮುಳುಗಿ ಮೀನು ಹಿಡಿದು, ಆಮೇಲೆ ಬಂಡೆಯ ಮೇಲೆ ರೆಕ್ಕೆ ಹರವಿ ಒಣಗಿಸುತ್ತಾ ನಿಲ್ಲುತ್ತವೆ. ಸಮುದ್ರದ ದಂಡೆಯಲ್ಲೂ ಇವುಗಳ ದಾಯಾದಿಗಳಿವೆ ಎಂದು ಯಾರೋ ಹೇಳಿದ್ದರು. ನಾನು ಸಮುದ್ರ ಕಂಡವಳಲ್ಲ. ಮಳೆಗಾಲದುದ್ದಕ್ಕೂ ಮರದಡಿಯ ನೆಲ ಸುಣ್ಣ ಬಳಿದಂತೆ ಬಿಳಿ, ಮೇಲೆ ಮೀನಿನ ಕವುಚು ವಾಸನೆ. ಅವ್ವ ಅದಕ್ಕೆ ಮೂಗು ಮುಚ್ಚಿದ್ದನ್ನು ನಾನು ಕಾಣೆ. ಆ ಹಿಕ್ಕೆಯನ್ನು ಕೆರೆಯ ಗೋಡುಮಣ್ಣಿನ ಜತೆ ಕಲಸಿ ರಾಗಿ ಹೊಲಕ್ಕೆ ಹಾಕಿದರೆ ತೆನೆ ಕೈತುಂಬ ಬರುತ್ತಿತ್ತು.

ಆ ವರ್ಷ ಹೆಣ್ಣುಮಗು ಹುಟ್ಟಿತು. ಮರದ ಮೇಲೂ ಮರಿಗಳಾಗಿದ್ದವು. ಆದರೆ ಸ್ವಲ್ಪ ದಿನದಲ್ಲೇ ಅವು ಕೆಳಗೆ ಬೀಳತೊಡಗಿದವು. ಅಪ್ಪ ಒಂದನ್ನು ಎತ್ತಿಕೊಂಡು ಬಂದು ಬಾಗಿಲ ಬೆಳಕಿಗೆ ಹಿಡಿದ. ರೆಕ್ಕೆಯ ಸಂದಿ, ಕಣ್ಣಿನ ಸುತ್ತ, ಗಂಟಲ ಕೆಳಗೆ, ಎಲ್ಲೆಲ್ಲೂ ಉಣ್ಣೆಹುಳ. ರಕ್ತ ಕುಡಿದು ಹರಳಿನ ಕಾಳಿನ ಹಾಗೆ ಊದಿಕೊಂಡಿದ್ದವು. "ಹಿಂದೆಲ್ಲ ಒಂದೋ ಎರಡೋ ಇರ್ತಿದ್ವು. ಇದೇನು ಈ ಪಾಟಿ!" ಅಂದ. ಕೆಲವು ಗೂಡುಗಳನ್ನು ತಾಯಿಹಕ್ಕಿಗಳೇ ಬಿಟ್ಟು ಹೋದವು. ಮರಿಗಳು ಬಾಯಿ ತೆರೆದುಕೊಂಡು ಕೂಗುತ್ತಿದ್ದವು, ತಾಯಿಗಳು ಕೆರೆಯ ಆಚೆ ದಡದಲ್ಲಿ ಸುಮ್ಮನೆ ಕೂತಿರುತ್ತಿದ್ದವು. ಹಾಲೂಡಿಸಿ ಊಡಿಸಿ ಸೋತುಹೋಗಿದ್ದ ನನಗೆ ಅವುಗಳ ಮೇಲೆ ಸಿಟ್ಟು ಬರಲಿಲ್ಲ.

ಆ ಗೂಡುಗಳು ಬರಿದಾದ ಮೇಲೆ ಉಣ್ಣೆಗಳು ಹಂಚಿನ ಸಂದಿಯಿಂದ ಮನೆಯೊಳಕ್ಕೆ ಇಳಿದವು. ಮಗುವಿನ ತೊಡೆಯಲ್ಲಿ, ಕಿವಿಯ ಹಿಂದೆ ಕೆಂಪು ದದ್ದು. ಜ್ವರ ಬಂದು ಮೊಲೆ ಹಿಡಿಯುವುದನ್ನೇ ಬಿಟ್ಟಿತು. ಅದೇ ವಾರ ಮಲೇರಿಯಾದ ಮದ್ದು ಹೊಡೆಯುವವರು ಪಂಪು ಹಿಡಿದು ಊರಿಗೆ ಬಂದರು. ಗೋಡೆಗಳಿಗೆ ಡಿಡಿಟಿ ಹೊಡೆದು ಹೊರಟವರನ್ನು ಅವ್ವ ಹಿತ್ತಲಿಗೆ ಕರೆದಳು.

"ಈ ಮರಕ್ಕೂ ಹೊಡೀರಪ್ಪಾ."

"ಮರಕ್ಕೆ ಹೊಡೆಯೋ ಹಂಗಿಲ್ಲ ಕಣಮ್ಮ, ಮನೆಗೆ ಮಾತ್ರ."

"ನನ್ನ ಮೊಮ್ಮಗಳ ಮೈ ನೋಡಿ ಹೇಳ್ರಪ್ಪಾ ಆ ಮಾತ!"

ಅಪ್ಪ ಅಡ್ಡ ಬಂದ. "ಹಕ್ಕಿ ಕೂತವ್ವೆ ಕಣೆ, ಬ್ಯಾಡ."

"ಹಕ್ಕಿ ಮುಂದಿನ ವರ್ಸ ಬತ್ತವೆ. ಮಗು ಬತ್ತದಾ?"

ಅಪ್ಪ ಪಕ್ಕಕ್ಕೆ ಸರಿದ. ಮದ್ದಿನವರು ಕಾಂಡಕ್ಕೆ, ಕೈಗೆಟುಕುವ ಕೊಂಬೆಗಳಿಗೆಲ್ಲ ಹೊಡೆದರು. ಕಾಂಡ ಬೆಳ್ಳಗಾಯಿತು. ಉಣ್ಣೆಗಳು ಉದುರಿ ಸತ್ತವು, ಅವ್ವ ಪೊರಕೆಯಲ್ಲಿ ಗುಡಿಸಿ ಒಲೆಗೆ ಹಾಕಿದಳು. ಮಗುವಿನ ಜ್ವರ ಇಳಿಯಿತು. ಎಷ್ಟೋ ದಿನಗಳ ಮೇಲೆ ಮನೆಯವರೆಲ್ಲ ನಿದ್ದೆ ಮಾಡಿದೆವು. ಅವ್ವ ಮಾಡಿದ್ದು ಸರಿ ಎಂದೇ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಅಲ್ಲಿಂದಾಚೆ ಆ ಮದ್ದು ವರ್ಷವರ್ಷವೂ ಬಂತು. ಗದ್ದೆಗೂ ಬಂತು, ಕೆರೆಯಂಚಿನ ಸೊಳ್ಳೆಗೂ ಬಂತು. ಎರಡನೆಯ ಬಸುರಿಗೆ ನಾನು ಮತ್ತೆ ಬಂದಾಗ ಕೆರೆ ಬೇರೆಯಾಗಿತ್ತು. ಪಟ್ಟಣದ ಕಡೆಯಿಂದ ಹಳ್ಳದಲ್ಲಿ ಬರುವ ನೀರಿನ ಮೇಲೆ ಎಣ್ಣೆಯ ಪೊರೆ. ಒಂದು ದಿನ ನೀಲಿ, ಒಂದು ದಿನ ಕಂದು. ಮೇಲುಗಡೆ ಯಾರೋ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ತೆಗೆದಿದ್ದರಂತೆ. ದನಗಳು ಆ ನೀರು ಮೂಸಿ ಹಿಂದಕ್ಕೆ ಬರುತ್ತಿದ್ದವು. ಹಕ್ಕಿಗಳಿಗೆ ಬೇರೆ ದಾರಿಯಿರಲಿಲ್ಲವೋ ಏನೋ, ಅಲ್ಲೇ ಮುಳುಗುತ್ತಿದ್ದವು.

ಹುಣಸೆಮರದಲ್ಲಿ ಗೂಡು ಅರ್ಧಕ್ಕರ್ಧ ಇಳಿದಿದ್ದವು. ಉಣ್ಣೆ ಅಷ್ಟಾಗಿ ಇರಲಿಲ್ಲ. ಹಕ್ಕಿಗಳು ಮೊಟ್ಟೆಯಿಟ್ಟು ಕಾವು ಕೂತವು, ಕೂತೇ ಇದ್ದವು. ಮರಿಯ ಸದ್ದೇ ಇಲ್ಲ. ಮರದಡಿ ಒಡೆದ ಮೊಟ್ಟೆಗಳು ಸಿಗತೊಡಗಿದವು. ಒಂದು ಬಿರುಕು ಬಿಟ್ಟದ್ದು ಮಾತ್ರ ಹುಲ್ಲಿನ ಮೇಲೆ ಬಿದ್ದು ಉಳಿದಿತ್ತು. ಅಪ್ಪ ಅದನ್ನು ಅಂಗೈಲಿಟ್ಟು ಹೆಬ್ಬೆಟ್ಟಿನಿಂದ ಮೆಲ್ಲಗೆ ಒತ್ತಿದ. ಚಿಪ್ಪು ನೆನೆದ ಕಾಗದದ ಹಾಗೆ ತಗ್ಗು ಬಿತ್ತು.

"ಕೂತ ತಾಯಿ ಭಾರಕ್ಕೇ ಒಡೀತಾವೆ ಕಣವ್ವ" ಅಂದ. ಅವನ ಮುಖ ನೋಡಲಾರದೆ ನಾನು ಒಳಗೆ ಹೋದೆ.

ಆಮೇಲೆ ಮನೆಯಲ್ಲಿ ಜಗಳ ಹತ್ತಿತು. ಅವ್ವನ ಪ್ರಕಾರ ಎಲ್ಲ ಬಣ್ಣದ ನೀರಿನದು. ಅಪ್ಪನ ಪ್ರಕಾರ ಬಿಳಿ ಮದ್ದಿನದು. ಊಟಕ್ಕೆ ಕೂತರೂ ಅದೇ, ದನ ಕಟ್ಟುವಾಗಲೂ ಅದೇ. ಕೊನೆಗೆ ಅವ್ವನ ಮಾತನ್ನೂ ವಿಚಾರಿಸಿಬಿಡೋಣವೆಂದು ಅಪ್ಪ ಊರಿನ ಇಬ್ಬರನ್ನು ಕರೆದುಕೊಂಡು ಹಳ್ಳದ ಗುಂಟ ನಡೆದು ಕಾರ್ಖಾನೆಗೆ ಹೋದ. ಗೇಟಿನವನು ಒಳಗೆ ಬಿಡಲಿಲ್ಲ. ಮಧ್ಯಾಹ್ನದವರೆಗೆ ನಿಲ್ಲಿಸಿದ ಮೇಲೆ ಪ್ಯಾಂಟು ಹಾಕಿದವರೊಬ್ಬರು ಹೊರಗೆ ಬಂದು ಎಲ್ಲ ಕೇಳಿಸಿಕೊಂಡು, "ಹಕ್ಕಿಗೋಸ್ಕರ ಬಂದ್ರಾ?" ಅಂದರಂತೆ. ನಕ್ಕಿದ್ದರೆ ಅಪ್ಪನಿಗೆ ಜಗಳವಾಡುವುದಕ್ಕಾದರೂ ಆಗುತ್ತಿತ್ತು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಬರುವಾಗ ದಾರಿಯಲ್ಲಿ ದನದ ಡಾಕ್ಟರು ಸಿಕ್ಕರು. ಅಪ್ಪ ಅವರನ್ನೂ ಕೇಳಿದ. "ನೀರಿಂದ ಇರಬಹುದು, ಮದ್ದಿಂದ ಇರಬಹುದು, ಉಣ್ಣೆ ಸೋಕಿ ಹಕ್ಕೀನೇ ಸೊರಗಿರಬಹುದು. ಮೂರೂ ಸೇರಿರಬಹುದು. ನನಗೆ ಗೊತ್ತಿಲ್ಲ ಗೌಡ್ರೇ" ಅಂದರು. ಆ ಸಂಜೆ ಅಪ್ಪ ಇದನ್ನು ಹೇಳಿದ್ದೇ ಜಗಳ ನಿಂತುಹೋಯಿತು. ಯಾರೂ ಗೆದ್ದಿರಲಿಲ್ಲ, ಇಬ್ಬರಿಗೂ ಸಾಕಾಗಿತ್ತು.

ಆ ಸಲ ಒಂದು ಹಕ್ಕಿ ಉಳಿದವೆಲ್ಲ ಎದ್ದುಹೋದ ಮೇಲೂ ಕೂತಿತ್ತು. ಮಳೆ ನಿಂತು ಬಿಸಿಲು ಬಿದ್ದರೂ ಏಳಲಿಲ್ಲ. ಗಂಡುಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಹಿತ್ತಲ ಕಟ್ಟೆಯಿಂದ ನೋಡುತ್ತಿದ್ದೆ. ಅವ್ವ ಮುಸುರೆ ನೀರು ಚೆಲ್ಲಲು ಬಂದವಳು ತಲೆಯೆತ್ತಿ, "ಎದ್ದೋಗೆ ತಾಯಿ, ಸಾಕು" ಅಂದಳು. ಒಂದು ಬೆಳಿಗ್ಗೆ ಅದು ಇರಲಿಲ್ಲ. ಮಾರನೆ ವರ್ಷ ಒಂದೂ ಬರಲಿಲ್ಲ. ಗೊಬ್ಬರಕ್ಕೆ ಅವ್ವ ತಿಪ್ಪೆಯನ್ನೇ ನೆಚ್ಚಿಕೊಂಡಳು.

ನಾವು ರಾಜಾಜಿನಗರದ ಹೊಸ ಬಡಾವಣೆಗೆ ಬಂದ ಮೇಲೆ ಒಮ್ಮೆ ಅಪ್ಪ ಹೇಳಿಕಳಿಸಿದ. ಕೆಂಗೇರಿ ಕಡೆಯ ಉಲ್ಲಾಳದಾಚೆ ಒಂದು ಕೆರೆಯಲ್ಲಿ ನೀರುಕಾಗೆ ಗೂಡು ಕಟ್ಟಿವೆಯಂತೆ. ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದು, ಅಪ್ಪನ ಜತೆ ಎತ್ತಿನ ಗಾಡಿಯಲ್ಲಿ ಹೋದೆವು. ಜಾಲಿಮರಗಳಲ್ಲಿ ಕೆಲವೇ ಗೂಡು; ಆದರೆ ಮರಿಗಳಿದ್ದವು, ಅಮ್ಮನ ಗಂಟಲೊಳಗೆ ತಲೆ ತೂರಿಸಿ ಮೀನು ತಿನ್ನುತ್ತಿದ್ದವು. ನಮ್ಮ ಹಕ್ಕಿಗಳೋ ಬೇರೆಯವೋ ಹೇಳುವವರಾರು? ದಡದ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸು, "ಹೊಸದಾಗಿ ಬಂದವ್ವೆ. ಒಳ್ಳೇದಾ ಕೆಟ್ಟದಾ?" ಎಂದು ಕೇಳಿದಳು.

"ಒಳ್ಳೇದೇ ಕಣವ್ವ" ಅಂದ ಅಪ್ಪ. ಆಮೇಲೆ, "ಉಣ್ಣೆ ಆದ್ರೆ ಕೂಸುಗಳ್ನ ದೂರ ಮಲಗ್ಸಿ, ಅಷ್ಟೇಯ" ಎಂದು ಸೇರಿಸಿದ.

ಹಳ್ಳದ ಮಾತು, ಮದ್ದಿನ ಮಾತು ಅವನು ಎತ್ತಲಿಲ್ಲ. ಮರಿಗಳನ್ನು ಇನ್ನಷ್ಟು ಹೊತ್ತು ನೋಡುತ್ತಾನೆ ಅಂದುಕೊಂಡಿದ್ದೆ. "ಬಿಸಿಲಾಯ್ತು, ಹೋಗಾನ" ಅಂದು ಗಾಡಿ ಹತ್ತಿದ. ಹಳ್ಳಿ ಬರುವವರೆಗೂ ಗಾಡಿಯ ಗೂಟಕ್ಕೆ ಒರಗಿಕೊಂಡು ನಿದ್ದೆ ಮಾಡಿದ. ನಾನೇ ಹಗ್ಗ ಹಿಡಿದು ಎತ್ತುಗಳನ್ನು ಮನೆ ಮುಟ್ಟಿಸಿದೆ.